ಸೂಜಿ ಚುಚ್ಚದೆ ಲಿವರ್ ಪರೀಕ್ಷೆ

ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ಫ್ಯಾಟಿ ಲಿವರ್’ ಅಂತ ಬಂದಿದೆಯಾ? ‘ನಾನೇನು ಕುಡೀತೀನಾ, ನಂಗ್ಯಾಕೆ ಲಿವರ್ ತೊಂದರೆ’ ಅಂತ ಬೀರುವಿನಲ್ಲಿ ಇಟ್ಟುಬಿಡಬೇಡಿ. ಮದ್ಯ ಮುಟ್ಟದವರಿಗೂ, ಅದರಲ್ಲೂ ಸಕ್ಕರೆ ಕಾಯಿಲೆ, ಬೊಜ್ಜು ಇರುವವರಿಗೆ, ಲಿವರ್‌ನಲ್ಲಿ ಕೊಬ್ಬು ಸೇರಿ ಕ್ರಮೇಣ ಗಾಯದ ಕಲೆಯಂತೆ ಗಟ್ಟಿಯಾಗಬಹುದು. ನೋವಿರೋದಿಲ್ಲ, ಹಾಗಾಗಿ ಗೊತ್ತೇ ಆಗೋದಿಲ್ಲ.

ಸಾಮಾನ್ಯ ಅಲ್ಟ್ರಾಸೌಂಡ್ ಕೊಬ್ಬನ್ನು ತೋರಿಸುತ್ತದೆ, ಆರಂಭದ ಗಟ್ಟಿತನವನ್ನಲ್ಲ. ಅದಕ್ಕೆ ಫೈಬ್ರೋಸ್ಕ್ಯಾನ್ ಇದೆ. 3 ಗಂಟೆ ಏನೂ ತಿನ್ನದೆ ಹೋಗಬೇಕು. ಪಕ್ಕೆಲುಬಿನ ಹತ್ತಿರ ಮೆಲ್ಲಗೆ ತಟ್ಟಿದಂತಾಗುತ್ತೆ, ಸುಮಾರು 10 ನಿಮಿಷದಲ್ಲಿ ಮುಗಿಯುತ್ತೆ. ಅಂಕಿ 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಹೆಚ್ಚಿನ ಹಾನಿ ಇರೋದಿಲ್ಲ. ಜಾಸ್ತಿ ಇದ್ದರೆ ಗಾಬರಿ ಬೇಡ, ಮುಂದೇನು ಅಂತ ವೈದ್ಯರನ್ನು ಕೇಳಿ. ಬೇಗ ಗೊತ್ತಾದರೆ ತೂಕ ಇಳಿಸಿ ಸುಧಾರಿಸಿಕೊಳ್ಳಬಹುದು.

ಮನೆಯವರ ರಿಪೋರ್ಟೆಲ್ಲ ಜೋಪಾನ ಮಾಡೋ ನೀವು, ನಿಮ್ಮದನ್ನೂ ಒಮ್ಮೆ ತೆಗೆದು ನೋಡಿ.