417 ರೂಪಾಯಿ 60 ಪೈಸೆಯ ಲೆಕ್ಕ

2020ರ ಏಪ್ರಿಲ್ ಒಂದರಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ಕನಿಷ್ಠ ವೇತನಕ್ಕೆ ತಿಂಗಳಿಗೆ 417 ರೂಪಾಯಿ 60 ಪೈಸೆ ತುಟ್ಟಿಭತ್ಯೆ ಸೇರಬೇಕಿತ್ತು. ಬೆಲೆಯೇರಿಕೆಗೆ ತಕ್ಕಂತೆ ವರ್ಷವರ್ಷವೂ ಕೂಡಿಕೊಳ್ಳುವ ಮೊತ್ತವದು. ಯಾರೋ ಕೃಪೆಯಿಂದ ಕೊಡುವಂಥದ್ದಲ್ಲ. ಲಾಕ್‌ಡೌನಿನ ಕಾರಣ ಹೇಳಿ ಉದ್ಯಮಿಗಳು ಅದನ್ನು ತಡೆಹಿಡಿದರು. ಸರ್ಕಾರವೂ ಮುಂದೂಡಿಕೆಯ ಆದೇಶ ಹೊರಡಿಸಿ ಅವರ ಬೆನ್ನಿಗೆ ನಿಂತಿತು. ಬಾಕಿಸಮೇತ ಕೊಡಬೇಕೆಂದು ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟು ಹೇಳಿದ ಮೇಲೂ ಹಣ ಬರಲಿಲ್ಲ. ವಾಷಿಂಗ್ಟನ್ನಿನ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಲೆಕ್ಕಹಾಕಿದಂತೆ ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಂಗಸರು, ಸುಮಾರು ಎರಡು ವರ್ಷ ಕಾನೂನುಬದ್ಧ ಕೂಲಿಗಿಂತ ಕಡಿಮೆ ಕೂಲಿಗೆ ದುಡಿದರು.

ಅವರು ಹೊಲಿದ ಅಂಗಿಗಳು ಯುರೋಪ್ ಮತ್ತು ಅಮೆರಿಕದ ಅಂಗಡಿಗಳಿಗೆ ಹೋದವು. ಆ ಅಂಗಡಿಗಳ ಮಾಲೀಕ ಕಂಪನಿಗಳ ಯಾವ ಸುಸ್ಥಿರತಾ ವರದಿಯನ್ನು ತೆರೆದರೂ ಒಂದು ವಾಕ್ಯ ಸಿಗುತ್ತದೆ: ನಮ್ಮ ಪೂರೈಕೆದಾರರು ಆಯಾ ದೇಶದ ಕನಿಷ್ಠ ವೇತನ ಕೊಡಲೇಬೇಕು, ಅದನ್ನು ನಾವು ಪರಿಶೀಲಿಸುತ್ತೇವೆ. ಪರಿಶೀಲಿಸುವವರು ಇದ್ದದ್ದೂ ನಿಜ. ಬೆಂಗಳೂರು, ರಾಮನಗರ, ಮಂಡ್ಯಗಳ ಕಾರ್ಖಾನೆಗಳಲ್ಲಿ ಸಾಮಾಜಿಕ ಲೆಕ್ಕಪರಿಶೋಧಕರ ಓಡಾಟ ಹೊಸದಲ್ಲ. ಆದರೆ ಈ ಬಾಕಿಯ ಸುದ್ದಿ ಜಗತ್ತಿಗೆ ಗೊತ್ತಾದದ್ದು ಅವರ ವರದಿಗಳಿಂದಲ್ಲ. ಸಂಬಳದ ಚೀಟಿ ಹಿಡಿದು ತಿಂಗಳುಗಟ್ಟಲೆ ಅಲೆದ ಸಂಘಟನೆಗಳಿಂದ, ಕೊನೆಗೆ 2021ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಅದನ್ನು ಸುದ್ದಿಯಾಗಿಸಿದ್ದರಿಂದ. ಅನಂತರವೇ ದೊಡ್ಡ ರಫ್ತುದಾರರು ಬಾಕಿ ಕೊಡಲು ಒಪ್ಪಿದರು.

ಕಂಪನಿಗಳ ವರದಿಗಳನ್ನು ಓದುವುದು ನನ್ನ ವೃತ್ತಿ. ಜರ್ಮನಿಯ ವಿಶ್ವವಿದ್ಯಾಲಯದ ಕೋಣೆಯಲ್ಲಿ ಕುಳಿತು ಇಂಥ ಸಾವಿರಾರು ಪುಟಗಳನ್ನು ಯಂತ್ರಕ್ಕೆ ಉಣಿಸಿ, ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಣಿಸುವ ಸಂಶೋಧನೆಗಳ ನಡುವೆ ನಾನೂ ಇದ್ದೇನೆ. ಪದಗಳನ್ನು ಎಣಿಸುವುದು ಸುಲಭ. ಆ 417 ರೂಪಾಯಿ ಅಲ್ಲಿ ಇಲ್ಲವೆಂಬುದನ್ನು ಎಣಿಸುವ ವಿಧಾನ ನಮ್ಮ ಶಾಸ್ತ್ರದಲ್ಲಿ ಇನ್ನೂ ಸರಿಯಾಗಿ ಹುಟ್ಟಿಲ್ಲ.

ಇರುವ ಹಣದ ಮಾತು ಬಿಡಿ, ಇಲ್ಲದ ಹಣವನ್ನೇ ಜರ್ಮನಿಯ ಪರಿಶೋಧಕರು ಇದೆಯೆಂದು ಬರೆದುಕೊಟ್ಟದ್ದುಂಟು. ಮ್ಯೂನಿಕ್ ಬಳಿಯ ಆಶ್‌ಹೈಮ್‌ನ ವೈರ್‌ಕಾರ್ಡ್ ಕಂಪನಿ 2018ರ ಸೆಪ್ಟೆಂಬರಿನಲ್ಲಿ ಕಾಮರ್ಸ್‌ಬ್ಯಾಂಕನ್ನು ಹೊರದೂಡಿ ದೇಶದ ಮೂವತ್ತು ಅಗ್ರ ಕಂಪನಿಗಳ ಡಾಕ್ಸ್ ಪಟ್ಟಿ ಸೇರಿತು. ಭಾರತದಲ್ಲೂ ಅದರ ಹೆಜ್ಜೆಯಿತ್ತು: 2015ರಲ್ಲಿ ಚೆನ್ನೈ ಮೂಲದ ಪಾವತಿ ಕಂಪನಿಗಳನ್ನು ಮಾರಿಷಸ್ಸಿನ ಒಂದು ನಿಧಿಯಿಂದ 340 ಮಿಲಿಯನ್ ಯೂರೋವರೆಗಿನ ಬೆಲೆಗೆ ಅದು ಕೊಂಡಿತು, ಆ ನಿಧಿ ಅವನ್ನು ಕೆಲವೇ ವಾರಗಳ ಹಿಂದೆ ಅದರ ಸಣ್ಣ ಪಾಲಿನ ಬೆಲೆಗೆ ಕೊಂಡಿತ್ತು. ಲಂಡನ್ನಿನ ಫೈನಾನ್ಶಿಯಲ್ ಟೈಮ್ಸ್ ವರ್ಷಗಟ್ಟಲೆ ಅನುಮಾನಗಳನ್ನು ಬರೆಯಿತು. ಹಣಕಾಸು ನಿಯಂತ್ರಕ ಸಂಸ್ಥೆ ಬಾಫಿನ್ ಮಾಡಿದ್ದೇನು? 2019ರಲ್ಲಿ ವೈರ್‌ಕಾರ್ಡ್ ಶೇರು ಬೀಳುತ್ತದೆಂದು ಪಂಥ ಕಟ್ಟುವುದನ್ನು ಎರಡು ತಿಂಗಳು ನಿಷೇಧಿಸಿತು. ವರದಿಗಾರರ ಮೇಲೆಯೇ ಕ್ರಿಮಿನಲ್ ದೂರು ಕೊಟ್ಟಿತು. 2020ರ ಜೂನ್ 18ರಂದು, ಹತ್ತು ವರ್ಷ ಸಹಿ ಹಾಕಿಕೊಟ್ಟಿದ್ದ ಲೆಕ್ಕಪರಿಶೋಧಕ ಸಂಸ್ಥೆ ಇವೈ ಕೊನೆಗೂ ಸಹಿ ನಿರಾಕರಿಸಿತು. ಫಿಲಿಪೀನ್ಸಿನ ಬ್ಯಾಂಕುಗಳಲ್ಲಿ ಇದೆಯೆಂದ 1.9 ಬಿಲಿಯನ್ ಯೂರೋ ಅಲ್ಲಿರಲಿಲ್ಲ. ಒಂದು ವಾರದಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಹೈದರಾಬಾದಿನ ಸತ್ಯಂ ಹಗರಣವನ್ನು 2009ರಲ್ಲಿ ಓದಿದ ಕನ್ನಡಿಗರಿಗೆ ಈ ಕಥೆ ಹೊಸದೇನಲ್ಲ. ಅಲ್ಲಿಯೂ ಇಲ್ಲದ ಬ್ಯಾಂಕ್ ಠೇವಣಿ, ಅಲ್ಲಿಯೂ ವಿಶ್ವಪ್ರಸಿದ್ಧ ಸಂಸ್ಥೆಯೊಂದರ ಸಹಿ. ಅಂದು ಯುರೋಪಿನ ಪಂಡಿತರು ಅದನ್ನು ಭಾರತದ ಸಾಂಸ್ಥಿಕ ದೌರ್ಬಲ್ಯವೆಂದು ವಿವರಿಸುತ್ತಿದ್ದ ಗೋಷ್ಠಿಗಳಲ್ಲಿ ನಾನೂ ತಲೆತಗ್ಗಿಸಿ ಕುಳಿತಿದ್ದೇನೆ. ವೈರ್‌ಕಾರ್ಡ್ ಬಿದ್ದ ಮೇಲೆ ಜರ್ಮನಿಯ ಸಂಸ್ಕೃತಿಯನ್ನು ಯಾರೂ ಹಾಗೆ ವಿವರಿಸಲಿಲ್ಲ. ಇರಲಿ.

ನಮ್ಮ ಕಡೆ ಹಿಂದೆ ಶಾನುಭೋಗರೂ ವರ್ತಕರೂ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಮಸಿಯನ್ನೂ ಬಳಿದು, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವುದು. ಬೇಕಾದರೆ ಒರೆಸಿ ಮತ್ತೆ ಬರೆಯುವುದು. ಓದು ಬಾರದ ರೈತನಿಗೂ ಅದು ಒರೆಸಬಹುದಾದ ಬರಹವೆಂಬುದು ಕಣ್ಣಿಗೆ ಕಾಣುತ್ತಿತ್ತು. ಇಂದಿನ ವರದಿಗಳ ಹೊಳಪು ಕಾಗದಕ್ಕೆ ಆ ಪ್ರಾಮಾಣಿಕತೆಯೂ ಇಲ್ಲ.

ಮೂಲ ದೋಷ ಎಲ್ಲರಿಗೂ ಗೊತ್ತಿರುವಂಥದ್ದೇ. ಪರಿಶೋಧಕನಿಗೆ ಸಂಬಳ ಕೊಡುವವನು ಪರಿಶೋಧನೆಗೆ ಒಳಗಾಗುವವನು. ಹಣಕಾಸಿನ ಲೆಕ್ಕದಲ್ಲಿ ಈ ದೋಷದ ಸುತ್ತ ಒಂದಿಷ್ಟಾದರೂ ಬೇಲಿಗಳಿವೆ: ಕಾನೂನು, ದಂಡ, ಕೋರ್ಟಿಗೆ ಹೋಗಬಲ್ಲ ಹೂಡಿಕೆದಾರರು. ಕಾರ್ಮಿಕರ ಬದುಕಿನ ಪರಿಶೋಧನೆಯಲ್ಲಿ ಅವೂ ಇಲ್ಲ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆ ಉರಿದು ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಬಾಗಿಲುಗಳಿಗೆ ಬೀಗ, ಕಿಟಕಿಗಳಿಗೆ ಸರಳು. ಬೆಂಕಿಗೆ ಕೆಲವೇ ವಾರ ಮುಂಚೆ ಇಟಲಿಯ ಸಂಸ್ಥೆಯೊಂದು ಅದೇ ಕಾರ್ಖಾನೆಗೆ ಸುರಕ್ಷತೆ ಮತ್ತು ಕಾರ್ಮಿಕ ಹಕ್ಕುಗಳ ಪ್ರಮಾಣಪತ್ರ ಕೊಟ್ಟಿತ್ತು. ಮುಖ್ಯ ಗಿರಾಕಿ ವೆಸ್ಟ್‌ಫಾಲಿಯಾದ ಅಗ್ಗದ ಬಟ್ಟೆಯ ಕಂಪನಿ ಕಿಕ್. ಸಂತ್ರಸ್ತರಲ್ಲಿ ನಾಲ್ವರು ಡಾರ್ಟ್‌ಮುಂಡ್ ನ್ಯಾಯಾಲಯದಲ್ಲಿ ಹೂಡಿದ ದಾವೆ 2019ರ ಜನವರಿಯಲ್ಲಿ ವಜಾ ಆಯಿತು. ಕಾರಣ, ಪಾಕಿಸ್ತಾನದ ಕಾನೂನಿನ ಪ್ರಕಾರ ಕಾಲಮಿತಿ ಮೀರಿತ್ತು. ಹೊಣೆ ಯಾರದು ಎಂಬ ಪ್ರಶ್ನೆಗೆ ಕೋರ್ಟು ಉತ್ತರ ಕೊಡಬೇಕಾಗಿಯೇ ಬರಲಿಲ್ಲ.

2021ರ ಬೇಸಿಗೆಯ ಹೊತ್ತಿಗೆ ಜರ್ಮನಿಯ ಸಂಸತ್ತು ಕೆಲವೇ ವಾರಗಳ ಅಂತರದಲ್ಲಿ ಎರಡು ಕಾನೂನುಗಳಿಗೆ ಒಪ್ಪಿಗೆ ಕೊಟ್ಟಿತು. ಮೊದಲನೆಯದು ವೈರ್‌ಕಾರ್ಡ್ ಹುಟ್ಟಿಸಿದ್ದು. ಅದು ಬಾಫಿನ್‌ಗೆ ಹೆಚ್ಚಿನ ಅಧಿಕಾರ ಕೊಟ್ಟಿತು. ಶೇರುಪೇಟೆಯ ಕಂಪನಿಗಳ ಪರಿಶೋಧಕರ ಹೊಣೆಯ ಮಿತಿಯನ್ನು 4 ಮಿಲಿಯನ್ ಯೂರೋದಿಂದ 16 ಮಿಲಿಯನ್ನಿಗೆ ಏರಿಸಿತು. ಎರಡನೆಯದು ಪೂರೈಕೆ ಸರಪಳಿ ಕಾನೂನು. ಕರಾಚಿ ಮತ್ತು ಢಾಕಾದ ಸಾವುಗಳ ನೆನಪಿನಲ್ಲಿ ಚರ್ಚುಗಳೂ ಕಾರ್ಮಿಕ ಸಂಘಗಳೂ ವರ್ಷಗಟ್ಟಲೆ ಕೇಳಿ ಪಡೆದದ್ದು. 2023ರ ಜನವರಿಯಿಂದ ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರಲ್ಲಿ ನಡೆಯುವ ಹಕ್ಕಿನ ಉಲ್ಲಂಘನೆಗಳನ್ನು ಗುರುತಿಸಿ, ತಡೆದು, ವರದಿ ಮಾಡಬೇಕಾಯಿತು.

ಮೊದಲನೆಯದು ನಿಂತಿದೆ. 2023ರಲ್ಲಿ ಇವೈಗೆ 5 ಲಕ್ಷ ಯೂರೋ ದಂಡವೂ, ಸಾರ್ವಜನಿಕ ಮಹತ್ವದ ಕಂಪನಿಗಳ ಹೊಸ ಪರಿಶೋಧನೆ ಒಪ್ಪಿಕೊಳ್ಳಲು ಎರಡು ವರ್ಷದ ನಿರ್ಬಂಧವೂ ಬಿದ್ದವು. ಎರಡನೆಯದನ್ನು ಬಿಚ್ಚಿಹಾಕುವ ಕೆಲಸ ನಡೆದಿದೆ: ಮೆರ್ತ್ಸ್ ಸರ್ಕಾರದ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ವರದಿಯ ಕರ್ತವ್ಯವನ್ನೇ ತೆಗೆದು, ಬಹುಪಾಲು ದಂಡಗಳನ್ನು ಕೈಬಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಹೂಡಿಕೆದಾರನ ಹಣ ಮುಳುಗಿದರೆ ಅದು ಹಗರಣ, ದರ್ಜಿಯ ಕೂಲಿ ಮುಳುಗಿದರೆ ಅದರ ಲೆಕ್ಕ ಕೇಳುವುದು ಕಾಗದದ ಹೊರೆ.

ಬ್ರಸೆಲ್ಸ್‌ನಲ್ಲಿಯೂ ಅದೇ. 2022ರ ಸುಸ್ಥಿರತಾ ವರದಿ ನಿರ್ದೇಶನ ಸುಮಾರು 50,000 ಕಂಪನಿಗಳನ್ನು ಮುಟ್ಟಬೇಕಿತ್ತು. ಹವಾಮಾನ ಕಂಪನಿಯ ಲಾಭಕ್ಕೆ ಏನು ಮಾಡುತ್ತದೆ ಎಂಬುದರ ಜೊತೆಗೆ ಕಂಪನಿ ಜನರಿಗೆ, ನೆಲಕ್ಕೆ, ನೀರಿಗೆ ಏನು ಮಾಡುತ್ತಿದೆ ಎಂಬುದನ್ನೂ ಹೇಳಬೇಕು ಎಂಬುದು ಅದರ ತಿರುಳು. ಅದನ್ನು ದೇಶದ ಕಾನೂನಾಗಿಸಲು 2024ರ ಜುಲೈ ಗಡುವಿತ್ತು, ಜರ್ಮನಿ ತಪ್ಪಿಸಿಕೊಂಡಿತು. 2025ರ ಫೆಬ್ರವರಿಯಲ್ಲಿ ಯುರೋಪಿಯನ್ ಆಯೋಗ ‘ಸರಳೀಕರಣ’ದ ಪ್ರಸ್ತಾವ ತಂದಿತು, ನವೆಂಬರಿನಲ್ಲಿ ಮಧ್ಯ-ಬಲಪಂಥೀಯರು ತೀವ್ರ ಬಲಪಂಥೀಯರ ಮತಗಳ ನೆರವಿನಿಂದ ಸಂಸತ್ತಿನಲ್ಲಿ ಅದನ್ನು ಇನ್ನಷ್ಟು ಕತ್ತರಿಸಿದರು. ಡಿಸೆಂಬರಿನ ಒಪ್ಪಂದದಂತೆ ಸಾವಿರಕ್ಕಿಂತ ಹೆಚ್ಚು ನೌಕರರೂ 450 ಮಿಲಿಯನ್ ಯೂರೋ ಮೀರಿದ ವಹಿವಾಟೂ ಇರುವ ಕಂಪನಿಗಳು ಮಾತ್ರ ವರದಿ ಮಾಡಬೇಕು. ಪೂರೈಕೆ ಸರಪಳಿಯ ಹೊಣೆಗಾರಿಕೆಯ ನಿರ್ದೇಶನವಂತೂ ಐದು ಸಾವಿರ ನೌಕರರ ಮೇಲಿನವರಿಗಷ್ಟೇ. ಸಂತ್ರಸ್ತರು ಯುರೋಪಿನ ಎಲ್ಲೆಡೆ ಒಂದೇ ನಿಯಮದಡಿ ಪರಿಹಾರ ಕೇಳಬಹುದಾಗಿದ್ದ ಭಾಗವನ್ನು ಕಿತ್ತುಹಾಕಲಾಗಿದೆ.

ಇಲ್ಲಿ ನಮ್ಮ ಪಾಳಯದ ಗೆಳೆಯರೊಂದಿಗೆ ನನಗೆ ಒಂದು ಜಗಳವಿದೆ. ಕತ್ತರಿ ಬಿದ್ದ ಕೂಡಲೇ ನಾವು ವರದಿಗಳನ್ನು ರಕ್ಷಿಸಲು ಓಡುತ್ತೇವೆ, ಆ ವರದಿಗಳು ಕಾರ್ಮಿಕರನ್ನು ರಕ್ಷಿಸುತ್ತಿದ್ದವೋ ಎಂಬಂತೆ. ಫೋಕ್ಸ್‌ವಾಗನ್ 2015ರ ಸೆಪ್ಟೆಂಬರಿನಲ್ಲಿ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕದಲ್ಲಿ ಜಗತ್ತಿನ ಮೋಟಾರು ಉದ್ಯಮಕ್ಕೇ ಮೊದಲಿಗನೆನಿಸಿತ್ತು. ಅದೇ ತಿಂಗಳು ಅದರ ಡೀಸೆಲ್ ಮೋಸ ಅಮೆರಿಕದಲ್ಲಿ ಬಯಲಾಯಿತು. ಡಾಯ್ಚ ಬ್ಯಾಂಕಿನ ಹೂಡಿಕೆ ಸಂಸ್ಥೆ ಡಿಡಬ್ಲ್ಯುಎಸ್ ತನ್ನ ಹಸಿರು ನಿಧಿಗಳ ಬಗ್ಗೆ ಉತ್ಪ್ರೇಕ್ಷೆ ಮಾಡಿದ್ದಕ್ಕೆ 2025ರಲ್ಲಿ 25 ಮಿಲಿಯನ್ ಯೂರೋ ದಂಡ ಕಟ್ಟಿತು.

ಇನ್ನೂ ಒಳಗಿನ ಮಾತು: 2023ರಲ್ಲಿ ಬಂದ ಯುರೋಪಿನ ವರದಿ ಮಾನದಂಡಗಳಲ್ಲಿ ಕಂಪನಿಯ ಸ್ವಂತ ನೌಕರರಿಗೊಂದು ಅಧ್ಯಾಯ, ಪೂರೈಕೆ ಸರಪಳಿಯ ಕಾರ್ಮಿಕರಿಗೊಂದು ಅಧ್ಯಾಯ. ಮೊದಲನೆಯದರಲ್ಲಿ ಸಂಖ್ಯೆಗಳನ್ನು ಕೇಳುತ್ತಾರೆ: ಸಾಕಷ್ಟು ವೇತನವಿದೆಯೇ, ಹೆಣ್ಣುಗಂಡಿನ ಸಂಬಳದ ಅಂತರವೆಷ್ಟು, ಅಪಘಾತಗಳೆಷ್ಟು. ಎರಡನೆಯದರಲ್ಲಿ ಕೇಳುವುದು ನೀತಿ, ಸಂವಾದ, ಕ್ರಮ, ಗುರಿಗಳ ವಿವರಣೆಯನ್ನು. ಕೂಲಿಯ ಒಂದು ಅಂಕಿಯೂ ಕಡ್ಡಾಯವಲ್ಲ. ಸ್ಟುಟ್‌ಗಾರ್ಟಿನ ನೌಕರ ಅಂಕಿಯಾಗಿ ಬರುತ್ತಾನೆ, ಶ್ರೀರಂಗಪಟ್ಟಣದ ಹೆಣ್ಣುಮಗಳು ಪ್ಯಾರಾಗ್ರಾಫಾಗಿ ಬರುತ್ತಾಳೆ. ಕಾನೂನು ಪೂರ್ತಿ ಬಲದಲ್ಲಿದ್ದಾಗಲೂ ಆ 417 ರೂಪಾಯಿಗೆ ಅಲ್ಲಿ ಜಾಗವಿರಲಿಲ್ಲ.

ಉದ್ಯಮಿಗಳ ದೂರಿನಲ್ಲಿಯೂ ಒಂದು ಸತ್ಯವಿದೆ. ಅದನ್ನು ಒಪ್ಪದೆ ವಾದ ನಿಲ್ಲದು. ದೊಡ್ಡ ಕಂಪನಿಗಳು ತಮ್ಮ ಹೊಣೆಯನ್ನು ಪ್ರಶ್ನಾವಳಿಯಾಗಿಸಿ ಕೆಳಗೆ ದೂಡುತ್ತವೆ. ತಿರುಪ್ಪೂರಿನಲ್ಲೋ ಪೀಣ್ಯದಲ್ಲೋ ಇರುವ ಸಣ್ಣ ಕಾರ್ಖಾನೆಯವನು ಹತ್ತು ಗಿರಾಕಿಗಳ ಹತ್ತು ನಮೂನೆ ತುಂಬುತ್ತಾನೆ; ಅಂಗಿಯ ಬೆಲೆ ಮಾತ್ರ ಒಂದು ಸೆಂಟೂ ಏರದು. ಇದಕ್ಕೆ ಮದ್ದು ವರದಿ ರದ್ದುಮಾಡುವುದಲ್ಲ, ಕೊಂಡ ಬೆಲೆಯನ್ನೂ ಕೊಟ್ಟ ಕೂಲಿಯನ್ನೂ ಅದರಲ್ಲಿ ಕೇಳುವುದು. ಕಾರ್ಖಾನೆಯ ಹೆಸರು, ಆ ಜಿಲ್ಲೆಯ ಶಾಸನಬದ್ಧ ವೇತನ, ಕೈಗೆ ಬಂದ ವೇತನ: ಮೂರು ಕಲಮು ಸಾಕು, ನೂರು ಪುಟ ಬೇಡ. ಆ ಮೂರು ಕಲಮುಗಳಿಗೆ ಕಂಪನಿ ನೇಮಿಸಿದ ಪರಿಶೋಧಕನ ಸಹಿಯ ಜೊತೆ ಅಲ್ಲಿನ ಕಾರ್ಮಿಕ ಸಂಘದ ಸಹಿಯೂ ಬೇಕು. ಸಂಘವಿಲ್ಲದ ಕಡೆ, ಸಂಘವಿಲ್ಲ ಎಂದು ಬರೆಯಬೇಕು. ಸೆಬಿ 2022-23ರಿಂದ ಭಾರತದ ಸಾವಿರ ದೊಡ್ಡ ಕಂಪನಿಗಳಿಗೆ ಕಡ್ಡಾಯ ಮಾಡಿರುವ ಸುಸ್ಥಿರತಾ ವರದಿಯಲ್ಲಿ ಕನಿಷ್ಠ ವೇತನಕ್ಕೊಂದು ಕೋಷ್ಟಕವಿದೆ. ಯುರೋಪು ಈ ವಿಷಯದಲ್ಲಿ ಭಾರತದಿಂದ ಕಲಿಯಬಹುದು ಎಂದು ನಾನು ಗೋಷ್ಠಿಗಳಲ್ಲಿ ಹೇಳಿದಾಗ ಸಣ್ಣ ನಗು ಹರಡುತ್ತದೆ. ಆ ನಗುವನ್ನು ಸತ್ಯಂ ಕಾಲದಿಂದ ಬಲ್ಲೆ.

ಕಾರ್ಮಿಕರಿಗೆ ಇಂಥ ಲೆಕ್ಕ ಅರ್ಥವಾಗುವುದಿಲ್ಲ, ಅದಕ್ಕೆ ತಜ್ಞರೇ ಬೇಕು ಎಂಬ ಮಾತನ್ನು ನನ್ನ ಸಹೋದ್ಯೋಗಿಗಳು ಗಂಭೀರವಾಗಿಯೇ ಹೇಳುತ್ತಾರೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ತಿದ್ದಿತು: ಮಾಲೀಕರ ಪಾಲಿನ ಹಣ 58 ವರ್ಷವಾಗುವವರೆಗೆ ಕೈಗೆ ಬಾರದು. ಅದರ ಅರ್ಥ ಬೆಂಗಳೂರಿನ ಹೊಲಿಗೆ ಯಂತ್ರಗಳ ಸಾಲುಗಳಲ್ಲಿ ಬಾಯಿಂದ ಬಾಯಿಗೆ ಹೋಯಿತು. ಏಪ್ರಿಲ್ 18ರಂದು ಸಾವಿರಾರು ಹೆಂಗಸರು ಯಾವ ನಾಯಕನ ಕರೆಗೂ ಕಾಯದೆ ಹೊಸೂರು ರಸ್ತೆಗಿಳಿದರು. ಲಾಠಿ ಬಿತ್ತು, ಅಶ್ರುವಾಯು ಬಿತ್ತು. ಮಾರನೆಯ ದಿನ, ಏಪ್ರಿಲ್ 19ರ ಸಂಜೆ, ದೆಹಲಿ ಆ ತಿದ್ದುಪಡಿಯನ್ನು ಹಿಂತೆಗೆದುಕೊಂಡಿತು.