ಅವ್ವ ಜೈಲಿಗೆ ಹೋದರ ಒಲಿ ಯಾರು ಹಚ್ಚತಾರ?

ಗಂಡಸು ಜೈಲಿಗೆ ಹೋದರ ಹೆಂಡತಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಮುಲಾಖತ್ತಿಗೆ ಹೋಗತಾಳ. ಹೆಂಗಸು ಹೋದರ? ಊರಾಗ ಆಕಿ ಹೆಸರನ್ನೇ ಎತ್ತೂದಿಲ್ಲ.

ಸ್ನೇಹಲತಾ ರೆಡ್ಡಿ ನಿಮಗೆ ಗೊತ್ತಿರಬಹುದು. 1970ರ ‘ಸಂಸ್ಕಾರ’ ಚಿತ್ರದ ಚಂದ್ರಿ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಮೀಸಾ ಹೆಸರಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿಗೆ ತಳ್ಳಿದರು. ವಿಚಾರಣೆಯೇ ಇಲ್ಲ. ಉಬ್ಬಸದ ಜೀವ, ಸರಿಯಾದ ಔಷಧವಿಲ್ಲ. ಎಂಟು ತಿಂಗಳು ಹಿಂಡಿ, 1977ರ ಜನವರಿ 15ಕ್ಕೆ ಪೆರೋಲ್ ಕೊಟ್ಟರು. 20ಕ್ಕೆ ತೀರಿಕೊಂಡರು. ಗಂಡ ಪಟ್ಟಾಭಿರಾಮ ರೆಡ್ಡಿಗೆ, ಮಕ್ಕಳಾದ ನಂದನಾ, ಕೋನಾರ್ಕ್‌ಗೆ ಸರಕಾರ ವಾಪಸ್ ಕೊಟ್ಟದ್ದು ಐದು ದಿನದ ತಾಯಿಯನ್ನು.

ಹೊಸದಾಗಿ ಬಂದ ಹೆಣ್ಣು ಕೈದಿಗಳನ್ನು ಎಲ್ಲರೆದುರು ಬೆತ್ತಲೆ ಮಾಡುವುದನ್ನು ಅವರು ಜೈಲಿನ ಡೈರಿಯಲ್ಲಿ ಬರೆದಿಟ್ಟರು, ಪ್ರತಿಭಟಿಸಿದರು. ಅವರಿಗೆ ಅಕ್ಷರವಿತ್ತು, ಹೆಸರಿತ್ತು. ಹಾಗೆ ಬೆತ್ತಲಾದವರು ಯಾವ ಕೇರಿಯವರೋ, ಯಾರ ತಾಯಂದಿರೋ, ಬರೆದಿಟ್ಟವರಿಲ್ಲ. ನನ್ನ ಸಿಟ್ಟು ಅಲ್ಲೇ ನಿಂತದ.

ಜೈಲಿನೊಳಗೆ ಜಾತಿ ನೋಡಿ ಕಸ ಹೊಡೆಸುವ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ಕ್ಕೆ. ಸ್ವಾತಂತ್ರ್ಯ ಬಂದು 77 ವರ್ಷಕ್ಕೆ! ಲಾಕಪ್ಪಿನಲ್ಲಿ ಹೆಂಗಸರನ್ನು ಬೇರೆ ಇಡಬೇಕು, ಹೆಣ್ಣು ಪೊಲೀಸರೇ ಕಾಯಬೇಕು ಅಂತ 1983ರ ಶೀಲಾ ಬರ್ಸೆ ತೀರ್ಪಿನಲ್ಲೇ ಅದ.

ಇನ್ನು ಮನಿ ಕಡೆ ನೋಡ್ರಿ. ಬಾದಾಮಿ, ಹುನಗುಂದದ ಕಡೆ ಕೂಲಿಗೆ ಹೋಗೋ ಅವ್ವ, ಇಳಕಲ್ಲದಾಗ ಮಗ್ಗದ ಮುಂದ ಕೂತು ಕಂಡಿಕೆ ಸುತ್ತೋ ಅವ್ವ. ಆಕಿ ಒಳಗ ಹೋದ ದಿನವೇ ಸಂತಿ ನಿಂತಂಗ. ದೇವದಾಸಿ ಮನಿಯಾಗ ತಾಯಿ ಬಿಟ್ಟರ ಮತ್ಯಾರೂ ಇರೂದಿಲ್ಲ. 1982ರ ಕಾಯ್ದೆ ಮುತ್ತು ಕಟ್ಟೂದನ್ನ ನಿಷೇಧಿಸಿತು, ಅಪ್ಪನ್ನ ತಂದುಕೊಡಲಿಲ್ಲ. ಆರು ವರ್ಷದ ತನಕ ಕೂಸು ತಾಯಿ ಜೋಡಿ ಜೈಲಿನಾಗ ಇರಬಹುದು, ಅದನ್ನ ಕೈದಿಯಂಗ ನೋಡಬಾರದು ಅಂತ 2006ರ ತೀರ್ಪು. ಆರು ದಾಟಿದ ಮೇಲೆ? ದೊಡ್ಡ ಮಗಳು ಸಾಲಿ ಬಿಡತಾಳ. ಬಾಗಲಕೋಟೆಯಿಂದ ವಿಜಯಪುರದ ದರ್ಗಾ ಜೈಲಿಗೆ ಹೋಗಿ ಬರೂದಂದರ ಒಂದು ದಿನದ ಕೂಲಿ ಹೋತು. ಹೋದರೂ ಅವ್ವ ಏನೂ ಬಾಯಿ ಬಿಡೂದಿಲ್ಲ. ಒಳಗ ತನಗಾದ ಅವಮಾನ ಮಗಳ ಮುಂದ ಹೆಂಗ ಹೇಳತಾಳ? ಮಗಳು ಕೇಳೂದೂ ಇಲ್ಲ.

ಸರಕಾರವನ್ನ ಬೈದು ಕೈತೊಳಕೊಳ್ಳೋಣು ಬ್ಯಾಡ. ಕೋರ್ಟಿಗಿಂತ ಮೊದಲು ತೀರ್ಪು ಕೊಡೋದು ನಮ್ಮ ಕೇರಿನೇ. “ಪೊಲೀಸರು ಮುಟ್ಟಿದಾಕಿ” ಅಂತಾರ, ಗಂಡ ಇನ್ನೊಬ್ಬಾಕಿನ್ನ ತರತಾನ, ಮಗಳಿಗೆ ವರ ಬರೂದಿಲ್ಲ. ಇದನ್ನ ಮನುವಾದ ಅನ್ನದ ಇನ್ನೇನನ್ನಬೇಕು?

1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿಯವರಿಗೆ, ಬಂಧನದಲ್ಲಿರುವವರಿಗೆ ವಕೀಲರು ಪುಕ್ಕಟೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇದೆ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದರೆ ನಡೆಯುತ್ತದೆ. ಹಾಸ್ಟೆಲಿನ ಗೆಳೆಯರೇ, ನಿಮ್ಮ ಓಣಿಯಲ್ಲಿ ಅಂಥ ತಾಯಿ ಯಾರಿದ್ದಾರೆ, ಜಾಮೀನು ಯಾಕೆ ಆಗಿಲ್ಲ, ಮಕ್ಕಳು ಯಾರ ಮನೆಯಲ್ಲಿದ್ದಾರೆ ಕೇಳಿಕೊಂಡು ಬರ್ರಿ. ಮುಂದಿನ ಸಭೆಗೆ ಪೆನ್ನು ತರ್ರಿ, ಅರ್ಜಿ ಅಲ್ಲೇ ಕೂತು ಬರೆಯೋಣ.