ಮೊದಲು ಡಬ್ಬಿ ಬಿಚ್ಚಲಿ, ಲೈಸೆನ್ಸ್ ಆಮೇಲೆ

‘ಕೈಯಲ್ಲಿ ಮೊಬೈಲ್ ಇರೋ ಕಾಲದಲ್ಲಿ ರೇಡಿಯೊ ಕಲ್ತು ಏನು ಮಾಡ್ತಾರೆ ಮಕ್ಕಳು?’

ಮಲೆನಾಡಿನ ನಮ್ಮೂರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಭಾನುವಾರಗಳಂದು ಹ್ಯಾಮ್ ರೇಡಿಯೊ, ಎಲೆಕ್ಟ್ರಾನಿಕ್ಸ್ ಹೇಳಿಕೊಡಲು ಶುರು ಮಾಡಿದ ಮೇಲೆ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ಹ್ಯಾಮ್‌ಗಳ ಬಳಿ ಇದಕ್ಕೊಂದು ಸಿದ್ಧ ಉತ್ತರವಿದೆ: ವಿಪತ್ತು ಬಂದಾಗ ಬೇಕಾಗುತ್ತದೆ. ನಮ್ಮ ಕಡೆ ಈ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ, ಹಿಂದೆಯೇ ಟವರ್ ಕೂಡ ಸುಮ್ಮನಾಗುವುದನ್ನು ಎಲ್ಲರೂ ಕಂಡಿದ್ದಾರೆ.

ಆದರೂ ಆ ಉತ್ತರ ನನಗೆ ಅರ್ಧ ಮಾತ್ರ ಅನ್ನಿಸುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ದೂರವಾಣಿ ಕೈಕೊಟ್ಟಾಗ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದರಲ್ಲಿ ಅವರ ರೇಡಿಯೊ ದೊಡ್ಡ ಪಾತ್ರ ವಹಿಸಿತು. ಆದರೆ ಅವರು ಅಲ್ಲಿಗೆ ಹೋಗಿದ್ದು ಸುನಾಮಿಗಾಗಿ ಅಲ್ಲ. ಅಪರೂಪದ ಜಾಗವೊಂದರಿಂದ ದೇಶ ವಿದೇಶದ ಹ್ಯಾಮ್‌ಗಳ ಜೊತೆ ಮಾತಾಡುವ ಹುಚ್ಚಿಗೆ. ಆ ಹುಚ್ಚು ಇತ್ತೆಂದೇ ಆ ದಿನ ಉಪಕರಣವೂ ಇತ್ತು, ಅದನ್ನು ನಡೆಸುವ ಕೈಯೂ ಇತ್ತು.

ಹಾಗಾಗಿ ಪರೀಕ್ಷೆಯಿಂದ ಪಾಠ ಶುರು ಮಾಡುವವರ ಜೊತೆ ನನ್ನ ತಕರಾರಿದೆ. ರೇಡಿಯೊದಲ್ಲಿ ಮಾತಾಡಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕೇ ಬೇಕು, ಅದಕ್ಕೆ ಪರೀಕ್ಷೆ ಬರೆಯಬೇಕು, 12 ವರ್ಷ ತುಂಬಿರಬೇಕು. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಇದನ್ನು ಮೊದಲ ದಿನವೇ ಹೇಳುತ್ತೇನೆ. ಆದರೆ ತರಗತಿ ಟ್ಯೂಷನ್ ಆಗಿಬಿಟ್ಟರೆ ಮಕ್ಕಳು ಪ್ರಶ್ನೋತ್ತರ ಉರುಹೊಡೆಯುತ್ತಾರೆ, ಅಷ್ಟೆ. ಓಮ್‌ನ ನಿಯಮ ತಡವರಿಸದೆ ಒಪ್ಪಿಸುವ ಹುಡುಗನ ಕೈಗೆ 9 ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ ಕೊಡಿ. ನೇರವಾಗಿ ಜೋಡಿಸುತ್ತಾನೆ. ಫಳ್ ಎಂದು ಹೊಳೆದು ಅದು ಸತ್ತುಹೋಗುತ್ತದೆ. ಸಾಯಲಿ, ಎರಡು ಮೂರು ರೂಪಾಯಿಯ ಮಾತು. ಮುಂದಿನದಕ್ಕೆ ಹಳದಿ, ನೇರಳೆ, ಕಂದು ಪಟ್ಟಿಯ 470 ಓಮ್ ರೆಸಿಸ್ಟರ್ ಸೇರಿಸಿದಾಗ ದೀಪ ನಿಲ್ಲುತ್ತದೆ. ಆಮೇಲೆ ಆ ನಿಯಮವನ್ನು ಯಾರೂ ಒಪ್ಪಿಸಬೇಕಾಗಿಲ್ಲ.

ಸಿಕ್ಕ ನೋಟ್ಸ್ ಎಲ್ಲ ಇಂಗ್ಲಿಷ್‌ನಲ್ಲಿದ್ದವು. ರೆಸಿಸ್ಟರ್, ಆಂಟೆನಾ ಎಂಬ ಪದಗಳನ್ನು ನಾವು ಹಾಗೇ ಇಟ್ಟುಕೊಂಡಿದ್ದೇವೆ, ಅವಕ್ಕೆ ಕನ್ನಡ ಹುಡುಕುತ್ತಾ ಕೂರುವುದು ವ್ಯರ್ಥ. ಬೇಕಾಗಿರುವುದು ಕನ್ನಡದ ವಿವರಣೆ. ಗುಡ್ಡದ ಮೇಲಿನ ಟ್ಯಾಂಕಿನ ಎತ್ತರವೇ ವೋಲ್ಟೇಜ್, ಪೈಪಿನಲ್ಲಿ ಹರಿಯುವ ನೀರೇ ಕರೆಂಟ್, ಪೈಪ್ ಸಣ್ಣದಾದಷ್ಟೂ ರೆಸಿಸ್ಟೆನ್ಸ್ ಜಾಸ್ತಿ. ತೋಟಕ್ಕೆ ನೀರು ಬಿಟ್ಟು ಗೊತ್ತಿರುವ ಮಕ್ಕಳಿಗೆ ಇಷ್ಟು ಸಾಕು. ಇನ್ನೊಂದು ವಿಷಯದಲ್ಲಿ ನಾವು ಪೇಟೆಯವರಿಗಿಂತ ಮುಂದಿದ್ದೇವೆ: 7 ಮೆಗಾಹರ್ಟ್ಸ್‌ನ ಡೈಪೋಲ್ ಆಂಟೆನಾಗೆ ಸುಮಾರು 20 ಮೀಟರ್ ತಂತಿ ಎಳೆಯಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಅದಕ್ಕಾಗಿ ಅಸೋಸಿಯೇಷನ್ ಮುಂದೆ ಕೈಕಟ್ಟಿ ನಿಲ್ಲಬೇಕು. ನಮಗೆ ಅಡಿಕೆ ಮರಗಳಿವೆ!

ಇನ್ನು ಹೆಣ್ಣುಮಕ್ಕಳ ವಿಚಾರ. ‘ಸೋಲ್ಡರಿಂಗ್ ಎಲ್ಲ ಬೇಡ, ಕೈ ಸುಟ್ಕೊಳ್ತಾಳೆ’ ಅಂತ ಒಂದಿಬ್ಬರು ತಾಯಂದಿರು ಬಂದು ಹೇಳಿದರು. ಅದೇ ಹುಡುಗಿಯರು ಬೆಳಿಗ್ಗೆ ಕಾವಲಿ ಮೇಲಿನ ಅಕ್ಕಿರೊಟ್ಟಿಯನ್ನು ಬರಿಗೈಯಲ್ಲಿ ಮಗುಚಿ ಬಂದಿರುತ್ತಾರೆ. ನಮ್ಮಲ್ಲಿ ಅತ್ಯಂತ ನೀಟಾಗಿ ಬೆಸುಗೆ ಹಾಕುವವಳು ಎಂಟನೇ ಕ್ಲಾಸಿನವಳು. ಸೀಸ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಕಿಟಕಿ ತೆರೆದಿರಬೇಕು, ಗೋಡೆಯ ಪ್ಲಗ್ಗಿಗೆ ಹಾಕುವ ಯಾವ ವಸ್ತುವನ್ನೂ ಮಕ್ಕಳು ಬಿಚ್ಚುವಂತಿಲ್ಲ. ಈ ನಿಯಮಗಳು ಹುಡುಗರಿಗೂ ಅಷ್ಟೇ ಕಟ್ಟುನಿಟ್ಟು.

ಇದಕ್ಕೆಲ್ಲ ದೊಡ್ಡ ಲ್ಯಾಬ್ ಬೇಕಿಲ್ಲ. ನಾನು ಕಂಡ ಶಾಲೆಯೊಂದರಲ್ಲಿ ರೋಬೊಟಿಕ್ಸ್ ಕಿಟ್‌ಗಳು ಹೊಚ್ಚಹೊಸದಾಗಿ ಬೀರುವಿನಲ್ಲಿವೆ. ಹಾಳಾದರೆ ಲೆಕ್ಕ ಕೊಡಬೇಕೆಂಬ ಭಯಕ್ಕೆ ಬೀಗ. ಹಾಳು ಮಾಡಬಾರದ ವಸ್ತುವಿನಿಂದ ಯಾವ ಮಗು ಏನು ಕಲಿತೀತು? ನಮ್ಮದು ಎರಡು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್, ಅಟ್ಟದಿಂದ ಇಳಿದ ಟ್ರಾನ್ಸಿಸ್ಟರ್ ರೇಡಿಯೊಗಳು. ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ಇಷ್ಟನ್ನು ಕೊಡುವುದು ಕಷ್ಟದ ಕೆಲಸವಲ್ಲ.

ಕಲಿಸುವವರು ಎಲ್ಲಿ ಎಂದು ಕೇಳಬಹುದು. ಊರಿಗೊಬ್ಬ ಟಿ.ವಿ. ಮೆಕ್ಯಾನಿಕ್ ಇದ್ದೇ ಇದ್ದಾರೆ. ಈಗಿನ ಟಿ.ವಿ. ಕೆಟ್ಟರೆ ಬೋರ್ಡನ್ನೇ ಬದಲಿಸುತ್ತಾರೆ, ಅವರ ಅಂಗಡಿಗೆ ಕೆಲಸ ಬರುತ್ತಿಲ್ಲ. ಮೂವತ್ತು ವರ್ಷ ದೋಷ ಹುಡುಕಿದ ಆ ಕಣ್ಣು ಡಿಪ್ಲೊಮಾ ಓದುತ್ತಿರುವ ನನಗಿಲ್ಲ. ಅಂಥವರಿಗೆ ತಿಂಗಳಿಗಿಷ್ಟು ಅಂತ ಗೌರವಧನ ಕೊಟ್ಟು ಪಂಚಾಯಿತಿಯೇ ಕರೆಯಲಿ. ನಮ್ಮೂರಿನ ಮೆಕ್ಯಾನಿಕ್ ಮಾಮನನ್ನು ಸದ್ಯ ಬರೀ ಕಾಫಿಗೆ ಕರೆಸಿಕೊಳ್ಳುತ್ತಿದ್ದೇವೆ. ಮುಂದಿನ ಭಾನುವಾರ ಎಲ್ಲರೂ ಮನೆಯಲ್ಲಿ ಕೆಟ್ಟು ಬಿದ್ದಿರುವ ಒಂದು ಟಾರ್ಚ್ ತರಬೇಕಂತೆ, ಅವರ ಆಜ್ಞೆಯಾಗಿದೆ.